ನಾಲಿಗೆಗೆ ಮುಟ್ಟಿಸದ ಸಾಬೂನು

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುವವರು ಅದರ ತೊಟ್ಟು ಬಿಡಿಸಿದವರಲ್ಲ. ಒಂದು ದಿನ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ಸಂಜೆಯವರೆಗೆ ತೊಟ್ಟು ಮುರಿಯಲಿ, ಆಮೇಲೆ ಮಾತಾಡೋಣ. ಕೆಲಸ ಮಾಡುವಾಗ ಏನೂ ಅನಿಸುವುದಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತು, ಒಲೆಯ ಝಳ ಕೈಗೆ ತಾಗಿದಾಗ ಬೆರಳ ಸಂದಿ ಸಂದಿಯಲ್ಲಿ ಉರಿ ಏಳುತ್ತದೆ. ಮರೆತು ಕಣ್ಣು ಉಜ್ಜಿಕೊಂಡರಂತೂ ಮುಗಿಯಿತು.

ಇದನ್ನು ನಾನು ಕಲಿತದ್ದು ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರೇ ಆಗಿದ್ದ ಕಾಲ. ನನ್ನ ತವರು ರಾಣೆಬೆನ್ನೂರು. ಅಪ್ಪನದು ಬೀಜದ ಅಂಗಡಿ. ಅಲ್ಲಿ ನಾವು ಕಾಗದ ಸುತ್ತಿದ ಅಂಗಡಿ ಸಾಬೂನು ಬಳಸುತ್ತಿದ್ದೆವು. ಆ ಸೊಕ್ಕಿನಲ್ಲೇ ಬ್ಯಾಡಗಿಗೆ ಬಂದೆ. ಬಂದ ವಾರದಲ್ಲೇ ಅತ್ತೆ ನನ್ನ ಕೈಗೆ ಒಂದು ಬಿಳಿ ತುಂಡು ಕೊಟ್ಟರು. ಮೂಲೆಗಳು ಓರೆ, ಮೇಲೆ ಬಟ್ಟೆಯ ನೇಯ್ಗೆಯ ಗುರುತು, ಗುಲಾಬಿ ಅತ್ತರಿನ ವಾಸನೆ. ನೋಡಿ ಮೂಗು ಮುರಿದೆ. ಆ ಸಂಜೆ ಕೈ ತೊಳೆದೆ. ಉರಿ ಇಳಿಯಿತು, ಅಂಗೈ ಮೆತ್ತಗಾಯಿತು. ಮೂಗು ತಾನಾಗಿ ನೆಟ್ಟಗಾಯಿತು.

ಅತ್ತೆ ಮನೆಯಲ್ಲಿ ಉರ್ದು ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಉರ್ದುವಿನಲ್ಲಿ ಬೈದರೆ ಸೊಸೆಗೆ ತಾಗುವುದಿಲ್ಲ ಎಂಬುದು ಅವರ ನಂಬಿಕೆ. ಮೊದಲ ವರ್ಷ ನಮ್ಮ ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳಿಸುತ್ತಿತ್ತು.

ಸಾಬೂನಿನ ಕೆಲಸ ಬಕ್ರೀದಿನ ಸಂಜೆಯೇ ಶುರುವಾಗುತ್ತಿತ್ತು. ಓಣಿಯ ನಮ್ಮವರ ಮನೆಗಳಿಂದ ಕುರಿಯ ಚರ್ಬಿ ಅತ್ತೆಯ ಬುಟ್ಟಿಗೆ ಬಂದು ಬೀಳುತ್ತಿತ್ತು. ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಬಿಳಿ ಚರ್ಬಿಯೇ ಬೇಕು, ಬೇರೆಯದು ನಾರುತ್ತದೆ. ಅದನ್ನು ಸಣ್ಣಗೆ ಹೆಚ್ಚಿ, ನೀರು ಮತ್ತು ಒಂದು ಹಿಡಿ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಬೇಕು. ಹಳೆಯ ಬಟ್ಟೆಯಲ್ಲಿ ಸೋಸಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ನೀರಿನ ಮೇಲೆ ಬಿಳಿ ಹಲಗೆಯಾಗಿ ತೇಲುತ್ತಿತ್ತು. ಹಲಗೆಯ ತಳಕ್ಕೆ ಅಂಟಿದ ಕಂದು ಗಸಿಯನ್ನು ಕೆರೆದು ತೆಗೆದು ಇನ್ನೊಮ್ಮೆ ಕರಗಿಸಬೇಕು. ಆಮೇಲೆ ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಹಾಕಬಾರದು. ಜರ್ಮನ್ ಪಾತ್ರೆಯಲ್ಲಿ, ಅಂದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಕಲಸಬಾರದು. ನಾನು ಮೊದಲ ವರ್ಷ ಜರ್ಮನ್ ಪಾತ್ರೆಯಲ್ಲೇ ಕಲಸಿದೆ. ಪಾತ್ರೆ ಬುಸುಗುಟ್ಟಿ ಕಪ್ಪಾಯಿತು, ಅತ್ತೆ ಕನ್ನಡಕ್ಕೆ ಇಳಿದರು.

ಎರಡನ್ನೂ ಕೂಡಿಸಿ ಕಟ್ಟಿಗೆಯ ಹುಟ್ಟಿನಿಂದ ತಿರುವುತ್ತ ಕೂರಬೇಕು. ಕಡಲೆಹಿಟ್ಟಿನ ಜುಣಕದ ಹದಕ್ಕೆ ಬಂದು, ಹುಟ್ಟು ಎಳೆದ ಗೆರೆ ಮೇಲೆ ಹಾಗೇ ನಿಂತರೆ ಎರಡು ಹನಿ ಅತ್ತರು ಬಿಟ್ಟು, ಬಟ್ಟೆ ಹಾಸಿದ ಕಟ್ಟಿಗೆ ಪೆಟ್ಟಿಗೆಗೆ ಸುರಿಯುವುದು. ಮರುದಿನ ಕೊಯ್ದು, ಒಂದು ತಿಂಗಳಿಗೂ ಹೆಚ್ಚು ಕಾಲ ಅಟ್ಟದಲ್ಲಿ ಒಣಗಿಸುವುದು. ಕೊನೆಯಲ್ಲಿ ಅತ್ತೆ ಒಂದು ತುಂಡನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಚುರ್ ಎಂದರೆ ಸೋಡಾ ಹೆಚ್ಚಾಗಿದೆ, ಕೈ ಸುಡುತ್ತದೆ. ಸುಮ್ಮನಿದ್ದರೆ ಸಾಬೂನು ಆಗಿದೆ. ನಾಲಿಗೆ ಒಪ್ಪದ ಸಾಬೂನು ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಹೊಸ್ತಿಲು ದಾಟಿದ ಸಾಬೂನು ಹೋಗುತ್ತಿದ್ದುದು ಪಕ್ಕದ ಮನೆಗೆ.

ಪಕ್ಕದ ಮನೆಯವರು ಲಿಂಗಾಯತರು. ಆ ಮನೆಯ ಹೆಂಗಸು ಮತ್ತು ನಮ್ಮ ಅತ್ತೆ ಒಂದೇ ಅಂಗಳದಲ್ಲಿ ಕುಳಿತು ತೊಟ್ಟು ಬಿಡಿಸುವವರು. ಒಬ್ಬರನ್ನೊಬ್ಬರು ಅಕ್ಕಾ ಎನ್ನುತ್ತಿದ್ದರು. ಇಬ್ಬರಲ್ಲಿ ಹಿರಿಯರು ಯಾರೆಂದು ಕೊನೆಗೂ ತೀರ್ಮಾನವಾಗಲಿಲ್ಲ. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ಎರಡು ಮನೆಗಳ ನಡುವೆ ಹಿತ್ತಲಲ್ಲಿ ಒಂದು ಗೋಡೆ, ಗೋಡೆಯಲ್ಲಿ ಎರಡು ಕಲ್ಲು ಬಿದ್ದು ಆದ ಸಂದಿ. ಆ ಸಂದಿಯಿಂದ ನಮ್ಮ ಕಡೆಗೆ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿದ್ದವು. ನಮ್ಮಿಂದ ಬೇಯಿಸಿದ್ದು ಏನೂ ಆ ಕಡೆ ಹೋಗುತ್ತಿರಲಿಲ್ಲ. ರಮ್ಜಾನ್ ಹಬ್ಬಕ್ಕೆ ಹಸಿ ಶಾವಿಗೆ, ಸಕ್ಕರೆ, ಗೋಡಂಬಿ, ಒಣ ಖರ್ಜೂರ ಕಟ್ಟಿ ಕೊಡುತ್ತಿದ್ದೆವು, ಅವರು ತಮ್ಮ ಒಲೆಯ ಮೇಲೆ ಪಾಯಸ ಮಾಡಿಕೊಳ್ಳುತ್ತಿದ್ದರು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಬೇಯಿಸಿದ್ದು ಇತ್ತ, ಹಸಿಯದು ಅತ್ತ, ಅಷ್ಟೇ ಲೆಕ್ಕ. ಬಕ್ರೀದಿನ ಎರಡು ದಿನ ಅಕ್ಕಾರು ಹಿತ್ತಲ ಬಾಗಿಲು ತೆರೆಯುತ್ತಿರಲಿಲ್ಲ. ಅದಕ್ಕೂ ನಮಗೆ ಬೇಸರವಿಲ್ಲ. ಚರ್ಬಿ ಕರಗಿಸುವ ಕೆಲಸವನ್ನು ಅತ್ತೆ ಆ ಎರಡು ದಿನಗಳಲ್ಲೇ ಮುಗಿಸಿಬಿಡುತ್ತಿದ್ದರು.

ಹೊಸದರಲ್ಲಿ ನಾನು ಕೇಳಿದ್ದೆ, "ಅಮ್ಮಾ, ಅಕ್ಕಾರಿಗೆ ಇದು ಯಾತರದಂತ ಗೊತ್ತೈತೇನ್ರಿ?"

ಅತ್ತೆ ಕನ್ನಡದಲ್ಲೇ ಉತ್ತರಿಸಿದರು. "ಸಾಬೂನ ಏನ ತಿನ್ನೂದೈತೇನ? ಆಕಿ ಕೈ ನೀ ಆಗ ನೋಡಬೇಕಿತ್ತು, ಸೀಳಿ ರಕ್ತ ಬರತಿತ್ತು. ಆಕಿ ಕೇಳಿಲ್ಲ, ನಾ ಹೇಳಿಲ್ಲ. ನೀ ನಡುವ ಬಾಯಿ ಹಾಕಬ್ಯಾಡ."

ತಿನ್ನುವ ವಸ್ತುಗಳಿಗಷ್ಟೇ ನಿಯಮವಿತ್ತು. ಸಾಬೂನು ಬೇಯಿಸಿದ್ದೂ ಅಲ್ಲ, ಹಸಿಯದೂ ಅಲ್ಲ. ಗೋಡೆಯ ಸಂದಿಯಿಂದ ಅದು ಹಾಗೇ ನುಸುಳಿಕೊಂಡಿತ್ತು. ಅತ್ತೆಯ ಮಾತು ನನಗೆ ಸರಿ ಅನಿಸಿತು, ಒಂದು ತಾಸು ಬಿಟ್ಟು ತಪ್ಪು ಅನಿಸಿತು. ಗಂಡನನ್ನು ಕೇಳಿದರೆ, "ಹೆಂಗಸರ ಸಾಬೂನಿನ್ಯಾಗ ನನ್ನ ಯಾಕ ಎಳೀತಿ?" ಎಂದು ಸೈಕಲ್ ಹತ್ತಿ ಹೋದರು. ಗಂಡಸರಿಗೆ ಸೈಕಲ್ ಎಂಬುದೊಂದು ದೊಡ್ಡ ಅನುಕೂಲ.

ಎರಡನೆಯ ವರ್ಷ ಅತ್ತೆ ನಾದಿನಿಯ ಹೆರಿಗೆಗೆಂದು ಹಾವೇರಿಗೆ ಹೋದರು. ಬಾಣಂತನ ಮುಗಿಸಿ ಬರುವುದಕ್ಕೆ ಎರಡೂವರೆ ತಿಂಗಳು. ಅವರು ಹೋದ ಮೂರನೆಯ ದಿನ ಅಕ್ಕಾರು ಸಂದಿಯಲ್ಲಿ ಮುಖ ತೋರಿಸಿದರು. ಅವರ ಮಗಳ ಮದುವೆ ಗುತ್ತಲದ ಕಡೆಯ ಒಕ್ಕಲುತನದ ಮನೆಗೆ ನಿಶ್ಚಯವಾಗಿತ್ತು.

"ತಂಗೀ, ನನಗ ನಿಮ್ಮ ಸಾಬೂನ ಮಾಡೂದ ಕಲಿಸಿಕೊಡ. ಮಗಳಿಗೆ ಮಾಡಿ ಕೊಟ್ಟ ಕಳಿಸಬೇಕಂತ ಮಾಡೇನಿ. ಹೊಲದಾಗ ದುಡಿಯೂ ಕೈ ಅವು. ಪ್ರತಿ ಸಲ ನಿಮ್ಮತ್ತೀನ್ನ ಬೇಡಾಕ ನಾಚಿಕಿ ಬರತೈತಿ."

ಅವರು ಮಾತು ಮುಂದುವರಿಸಿದರು.

"ಅದರಷ್ಟ ಚೊಲೋ ಸಾಬೂನ ಎಲ್ಲೂ ಇಲ್ಲ ನೋಡ. ನನ್ನ ಲಿಂಗದ ವಸ್ತ್ರಾನೂ ಅದರಾಗ ತೊಳಿತೇನಿ. ಹಾಲಿನಂಗ ಬೆಳ್ಳಗ ಆಗತೈತಿ."

ಲಿಂಗದ ವಸ್ತ್ರವೆಂದರೆ ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗವನ್ನು ಸುತ್ತಿಡುವ ಬಟ್ಟೆ. ಅಕ್ಕಾರು ದಿನಾ ಜಳಕ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜಿಸದೆ ಬಾಯಿಗೆ ನೀರು ಸಹ ಹಾಕಿದವರಲ್ಲ. ಆ ಬಟ್ಟೆಗೆ ನಮ್ಮ ಕುರಿಯ ಚರ್ಬಿ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಅತ್ತೆಯ ಮಾನ ಹೋಗುತ್ತದೆ, ಅಕ್ಕಾರ ಎದೆ ಒಡೆಯುತ್ತದೆ, ಗೋಡೆಯ ಸಂದಿ ಮುಚ್ಚುತ್ತದೆ. ಹೇಳದಿದ್ದರೆ ನಾನು ಕಳ್ಳಿ. ಎರಡರ ನಡುವೆ ಸಿಕ್ಕಿಬಿದ್ದ ನನ್ನ ಬಾಯಿಂದ ಹೊರಬಿದ್ದದ್ದು ಮೂರನೆಯದು.

"ಶೇಂಗಾ ಎಣ್ಣೀದ್ರಿ ಅಕ್ಕಾರ. ಭಾಳ ಸರಳ ಐತ್ರಿ."

ಶೇಂಗಾ ಎಣ್ಣೆ ಯಾಕೆ ಅಂದೆನೋ ಇವತ್ತಿಗೂ ತಿಳಿಯದು. ಬಹುಶಃ ಒಲೆಯ ಪಕ್ಕದಲ್ಲಿ ಅದರ ಡಬ್ಬಿ ಕಾಣುತ್ತಿತ್ತು. ಅವರ ಹಿತ್ತಲಲ್ಲೇ ಕೂತು ಕಲಿಸಿದೆ. ಸೋಡಾ ಎಷ್ಟು, ನೀರು ಎಷ್ಟು, ಜರ್ಮನ್ ಪಾತ್ರೆ ಬೇಡ, ಹುಟ್ಟು ಹೀಗೆ ಹಿಡಿಯಿರಿ, ಎಲ್ಲ ಹೇಳಿದೆ. ನಾಲಿಗೆಯ ಪರೀಕ್ಷೆ ಮಾತ್ರ ಹೇಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ತಪ್ಪೆಲ್ಲ ಇರುವುದು ಇಲ್ಲೇ. ಅವರ ಮುಂದೆ ಇದ್ದುದು ಶುದ್ಧ ಶೇಂಗಾ ಎಣ್ಣೆ. ಅವರು ಅದನ್ನು ನಾಲಿಗೆಗೆ ಮುಟ್ಟಿಸಿದರೆ ಯಾವ ಮೈಲಿಗೆಯೂ ಇರಲಿಲ್ಲ. ಆದರೆ ನನ್ನ ತಲೆಯೊಳಗೆ ಸಾಬೂನು ಎಂದರೆ ಚರ್ಬಿಯೇ. ಲಿಂಗ ಕಟ್ಟಿಕೊಂಡ ಹೆಂಗಸಿಗೆ ಸಾಬೂನು ನೆಕ್ಕಿ ನೋಡ್ರಿ ಎನ್ನಲು ನನ್ನ ಗಂಟಲು ಒಪ್ಪಲಿಲ್ಲ. ಸುಳ್ಳು ಹೇಳುವಾಗ ಬಾರದ ಮಡಿ, ಸತ್ಯ ಹೇಳಬೇಕಾದ ಕಡೆ ಬಂದು ಅಡ್ಡ ಕುಳಿತುಕೊಂಡಿತು. ನನ್ನಂಥ ದಡ್ಡಿಗೆ ಮಾತ್ರ ಹೀಗಾದೀತು.

ಶೇಂಗಾ ಎಣ್ಣೆಯ ಸಾಬೂನು ಗಟ್ಟಿಯಾಗಲಿಲ್ಲ. ವಾರವಾಯಿತು, ಹದಿನೈದು ದಿನವಾಯಿತು, ಪೆಟ್ಟಿಗೆಯಲ್ಲಿ ಅದು ಹಳದಿ ಲೇಹ್ಯದಂತೆ ಜೋಲುತ್ತ ಕುಳಿತಿತ್ತು. ಅಕ್ಕಾರು ದಿನಾ ಬೆರಳಿಟ್ಟು ನೋಡುತ್ತಿದ್ದರು. ಕೊನೆಗೆ ಒಂದು ದಿನ ಸಂದಿಯಲ್ಲಿ ನಿಂತು ನನ್ನನ್ನೇ ನೋಡಿದರು.

"ನೀ ಏನೋ ಒಂದ ಮುಚ್ಚಿಟ್ಟೀ ತಂಗೀ. ಕೈಗುಣ ಕೊಡಾಕ ಮನಸ್ಸಿಲ್ಲಂದ್ರ ಹಂಗ ಹೇಳಬೇಕಿತ್ತು. ನಾ ಏನ ತಪ್ಪ ತಿಳಕೊಳ್ತಿದ್ದಿಲ್ಲ."

ನನಗೆ ಅಳುವೇ ಬಂತು. ಅವರು ಹೇಳಿದ್ದು ಅಷ್ಟೂ ನಿಜ, ಅಷ್ಟೂ ತಪ್ಪು. ಮುಚ್ಚಿಟ್ಟಿದ್ದೆ, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ. ಇಲ್ಲ ಎನ್ನಲೂ ಆಗದೆ ಹೌದು ಎನ್ನಲೂ ಆಗದೆ ಒಳಗೆ ಹೋಗಿ ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಆಮೇಲೆ ಅಕ್ಕಾರು ನನ್ನನ್ನು ಕೇಳುವುದು ಬಿಟ್ಟು ತಮ್ಮ ಬುದ್ಧಿ ಓಡಿಸಿದರು. ಗಟ್ಟಿ ಮಾಡುವುದು ಸೋಡಾ ತಾನೇ? ಎರಡನೆಯ ಸಲ ಎರಡು ಪಟ್ಟು ಸೋಡಾ ಸುರಿದರು. ಗಟ್ಟಿಯಾಯಿತು. ಎಷ್ಟು ಗಟ್ಟಿಯೆಂದರೆ ಕೊಯ್ಯುವಾಗ ಪುಡಿ ಉದುರುತ್ತಿತ್ತಂತೆ. ಸಿಟ್ಟು ಮರೆತು ಒಂದು ತುಂಡನ್ನು ಸಂದಿಯಿಂದ ತೋರಿಸಿ, "ನೋಡ, ನೀ ಹೇಳಿಕೊಡದಿದ್ರೂ ಬಂತು!" ಎಂದು ನಕ್ಕರು. ಆಗಲಾದರೂ ನಾನು ಅದನ್ನು ಕಸಿದುಕೊಂಡು ನಾಲಿಗೆಗೆ ಮುಟ್ಟಿಸಬೇಕಿತ್ತು. ಅವರ ನಗು ನೋಡಿ ನನ್ನ ಸುಳ್ಳು ಬಚಾವಾಯಿತು ಎಂದು ಸಮಾಧಾನಪಟ್ಟೆ. ಆ ಸಮಾಧಾನಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಎರಡು ದಿನ ಅಕ್ಕಾರು ಕಾಣಲಿಲ್ಲ. ಮೂರನೆಯ ದಿನ ಬೆಳಗ್ಗೆ ಅವರ ಮಗಳೇ ಸಂದಿಗೆ ಬಂದಳು.

"ವೈನೀ, ಸ್ವಲ್ಪ ಬರ್ರಿ. ನಮ್ಮವ್ವನ ಕೈ ಸುಟ್ಟಾವು. ಪೂಜಾ ಮಾಡಾಕ ಆಗವಲ್ದು, ಪೂಜಾ ಆಗಲಾರದ ಊಟಾ ಮಾಡವಲ್ಲಳು."

ಓಡಿಹೋಗಿ ಅವರ ಪಡಸಾಲೆಯ ಬಾಗಿಲಲ್ಲಿ ನಿಂತೆ. ಅಕ್ಕಾರು ಮಣೆಯ ಮೇಲೆ ಕುಳಿತಿದ್ದರು. ಎರಡು ಅಂಗೈಗಳೂ ಕೆಂಪಾಗಿ, ಎಡಗೈಯ ನಡುವೆ ಸಿಪ್ಪೆ ಎದ್ದು ಹಸಿ ಮಾಂಸ ಕಾಣುತ್ತಿತ್ತು. ಆ ಗಾಯದ ಮೇಲೆ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಲಿಂಗ ಇಟ್ಟುಕೊಂಡಿದ್ದರು. ಲಿಂಗ ಬಿದ್ದೀತೆಂದು ಬಲಗೈಯನ್ನು ಕೆಳಗೆ ಆಸರೆ ಕೊಟ್ಟಿದ್ದರು. ವಿಭೂತಿ ಹಚ್ಚಲು ಮೂರನೆಯ ಕೈ ಇರಲಿಲ್ಲ.

ಮಗಳ ಕೈ ಆಸರೆಯಿಂದ ಪೂಜೆ ಮುಗಿಯುವವರೆಗೆ ಹೊಸ್ತಿಲ ಹೊರಗೆ ಕಾದು ಕುಳಿತೆ. ಮಗಳು ಒಳಗೆ ಹೋದ ಮೇಲೆ ಹೇಳಿದೆ.

"ಅಕ್ಕಾರ, ನಾ ನಿಮಗ ಸುಳ್ಳ ಹೇಳೇನ್ರಿ. ನಮ್ಮ ಸಾಬೂನ ಎಣ್ಣೀದಲ್ರಿ, ಕುರಿ ಚರ್ಬೀದು. ನೀವು ಮಾಡಿದ್ದಕ್ಕ ಸೋಡಾ ಹೆಚ್ಚಾಗೈತ್ರಿ. ನಾಲಿಗಿಗೆ ಹಚ್ಚಿ ನೋಡಬೇಕು, ಅದನ್ನೂ ನಾ ಹೇಳಲಿಲ್ಲ. ನಿಮ್ಮ ಕೈ ಸುಟ್ಟಾಕಿ ನಾನ."

ಬೈಗುಳಕ್ಕೆ ಕಾದೆ. ಅಕ್ಕಾರು ತಮ್ಮ ಅಂಗೈ ನೋಡಿಕೊಂಡರು.

"ಹಂಗಾರ ಅದಕ್ಕ ನಂದು ಗಟ್ಟಿ ಆಗಲಿಲ್ಲ," ಎಂದರು.

ಆಮೇಲೆ ಅವರು ತೊಡೆಯ ಮೇಲಿದ್ದ ವಸ್ತ್ರವನ್ನು ಎತ್ತಿ ನೋಡಿದರು. ಹಾಲಿನಂಥ ಬಿಳಿ.

"ಆರು ವರ್ಷ ಆತು ಅಕ್ಕಾ ಸಾಬೂನ ಕೊಡಾಕ ಹತ್ತಿ. ಈಗ ಇದನ್ನ ಏನ ಮಾಡ್ಲಿ?"

ಬಹುಶಃ ಅವರು ಅದನ್ನು ನನ್ನನ್ನು ಕೇಳಿದ್ದಲ್ಲ. ನಾನು ಎದ್ದು ಹೊರಟಾಗ ಕರೆದು ನಿಲ್ಲಿಸಿದರು.

"ತಂಗೀ, ನನಗ ಗೊತ್ತಾಗೈತಿ ಅಂತ ನಿಮ್ಮತ್ತಿ ಮುಂದ ಬಾಯಿ ಬಿಡಬ್ಯಾಡ. ನನ್ನ ಕೈ ನೋಡಿ ಮರುಗಿ ಕೊಟ್ಟಾಕಿ ಆಕಿ. ಗೊತ್ತಾದ್ರ ಎದಿ ಒಡಕೊಂತಾಳ."

ಅತ್ತೆ ಹಾವೇರಿಯಿಂದ ಬಂದು, ಅಕ್ಕಾನ ಕೈಗೆ ಏನಾಯಿತೆಂದು ಕೇಳಿದಾಗ ಅಕ್ಕಾರೇ ಕುದಿ ನೀರು ಬಿತ್ತು ಎಂದರು. ಅಲ್ಲಿಗೆ ಸುಳ್ಳು ಹೇಳಿದವರು ಮೂವರಾದೆವು. ಅತ್ತೆ ಅಕ್ಕಾರಿಂದ ಮುಚ್ಚಿಟ್ಟಿದ್ದರು, ಅಕ್ಕಾರು ಅತ್ತೆಯಿಂದ ಮುಚ್ಚಿಡುತ್ತಿದ್ದರು, ನಡುವೆ ಬಾಯಿ ಹಾಕಬೇಡ ಎನಿಸಿಕೊಂಡ ನಾನು ಇಬ್ಬರ ಗುಟ್ಟನ್ನೂ ಹೊತ್ತು ರೊಟ್ಟಿ ಬಡಿಯುತ್ತಿದ್ದೆ.

ಮದುವೆಯಾಯಿತು, ಮಗಳು ಗುತ್ತಲದ ಬಸ್ಸು ಹತ್ತಿದಳು. ವರ್ಷ ಬಂತು, ಬಕ್ರೀದು ಬಂತು. ಅತ್ತೆ ಸಾಬೂನು ಮಾಡಿ ಮೊದಲ ಎರಡು ತುಂಡನ್ನು ಸಂದಿಯಿಂದ ಕೊಟ್ಟರು. ಅಕ್ಕಾರು ನನ್ನ ಕಡೆ ನೋಡದೆ ಎರಡೂ ಕೈಯಲ್ಲಿ ತೆಗೆದುಕೊಂಡರು. ತೆಗೆದುಕೊಂಡು ಏನು ಮಾಡಿದರು? ಒಲೆಗೆ ಹಾಕಿದರೋ, ಮಣ್ಣಲ್ಲಿ ಹೂತರೋ, ಯಾರಿಗಾದರೂ ಕೊಟ್ಟರೋ ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಮೆಣಸಿನಕಾಯಿಯ ಸುಗ್ಗಿಯಲ್ಲಿ ಅವರ ಕೈ ಮತ್ತೆ ಸೀಳಿದವು. "ನಿಮ್ಮ ಸಾಬೂನಿಂದ ಆರಾಮ ಐತಿ ಅಕ್ಕಾ," ಎನ್ನುತ್ತ ಸೀಳಿದ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು.

ಅತ್ತೆ ಕುರುಡಿಯಲ್ಲ. ಮರುವರ್ಷ ಚರ್ಬಿಯನ್ನು ಮೂರು ಸಲ ಕರಗಿಸಿದರು. ಸೋಡಾ ಒಂದು ಚಿಟಿಕೆ ಕಡಿಮೆ ಮಾಡಿದರು. ನಾನು ಹುಟ್ಟು ತಿರುವುವುದು ಸರಿಯಿಲ್ಲವೆಂದು ಕನ್ನಡದಲ್ಲಿ ಬೈದು, ತಾವೇ ಎರಡು ತಾಸು ತಿರುವಿದರು. ಅಕ್ಕಾನ ಕೈಗೆ ಮೆತ್ತಗಿರಲಿ ಎಂದು ಹೆಚ್ಚಿಗೆ ಚರ್ಬಿ ಸೇರಿಸಿದರು. ಹೇಳಿದರೆ ಅಕ್ಕಾರಿಗೆ ಕೊಟ್ಟ ಮಾತು ತಪ್ಪುತ್ತದೆ, ಹೇಳದಿದ್ದರೆ ಈ ಮುದುಕಿ ಹೀಗೇ ಒದ್ದಾಡುತ್ತದೆ. ಆ ವರ್ಷವೂ ಅಕ್ಕಾರ ಕೈ ಸೀಳಿದವು.

ಒಂದು ಮಧ್ಯಾಹ್ನ ಅತ್ತೆ ಹುಟ್ಟನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಎಸೆದರು.

"ನನ್ನ ಕೈಗುಣ ಹೋತು," ಎಂದರು. ಸಿಟ್ಟಿರಲಿಲ್ಲ, ಆದರೂ ಕನ್ನಡದಲ್ಲೇ ಹೇಳಿದರು. "ಒಬ್ಬಾಕಿ ಕೈ ನೆಟ್ಟಗ ಮಾಡಾಕ ಆಗಲಿಲ್ಲ. ಇನ್ಯಾಕ ಮಾಡೂದು ಬಿಡ."

ತಡೆಯಲಾಗಲಿಲ್ಲ. ಸಂದಿಯ ಹತ್ತಿರ ಹೋಗಿ ಅಕ್ಕಾರನ್ನು ಕರೆದು ಅತ್ತೆ ಅಂದದ್ದನ್ನು ಹೇಳಿದೆ. ಅದು ಅವರಿಗೆ ಹೇಳಬೇಕಾದ ಮಾತಾಗಿತ್ತೋ ಇಲ್ಲವೋ, ಯೋಚಿಸಲಿಲ್ಲ. ಅವರು ಕಾಳು ಹಸನು ಮಾಡುತ್ತಿದ್ದರು. ಕೇಳಿಸಿಕೊಂಡು, ಕಾಳು ಹಸನು ಮಾಡುವುದನ್ನೇ ಮುಂದುವರಿಸಿದರು.

ಮರುದಿನ ಸಂಜೆ ತೊಟ್ಟು ಬಿಡಿಸುವ ಕೆಲಸ ಬಿಟ್ಟ ಮೇಲೆ ಅಕ್ಕಾರು ಅತ್ತೆಯ ಜೊತೆಗೇ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಕೈ ಕೆಂಪಗೆ ಉರಿಯುತ್ತಿದ್ದವು.

"ಅಕ್ಕಾ, ಒಂದ ತುಂಡ ಸಾಬೂನ ತರ್ರಿ. ಮನೀಗೆ ಹೋಗೂಮಟ ತಡಿಯಾಕ ಆಗವಲ್ದು."

ಅತ್ತೆ ಓಡಿಹೋಗಿ ತಂದರು. ತಾವೇ ತಂಬಿಗೆಯಿಂದ ನೀರು ಹಾಕಿದರು. ಅಕ್ಕಾರು ಸಾಬೂನನ್ನು ಎರಡೂ ಅಂಗೈಗಳ ನಡುವೆ ಹಿಡಿದು ತಿಕ್ಕಿದರು, ಬೆರಳ ಸಂದಿಗೆ ತಿಕ್ಕಿದರು, ಮೊಣಕೈಯವರೆಗೆ ತಿಕ್ಕಿದರು. ನೊರೆ ಸೀಳುಗಳೊಳಗೆಲ್ಲ ಇಳಿಯಿತು. ಒಂದೇ ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಬಾವಿಯ ಹಗ್ಗ ಸುತ್ತುವವಳಂತೆ ನಟಿಸಿದೆ.

"ಕೈಗುಣ ಎಲ್ಲಿ ಹೋಗತೈತಿ ಅಕ್ಕಾ, ಹುಚ್ಚರಂಗ ಮಾತಾಡ್ತೀರಿ. ನೋಡ್ರಿ, ಉರಿ ಲಗೂನ ಇಳೀತು," ಎಂದು ಅಕ್ಕಾರು ಅತ್ತೆಗೆ ಹೇಳಿದರು. ಅತ್ತೆಯ ಮುಖ ನೋಡಬೇಕಿತ್ತು. ಎರಡು ವರ್ಷದ ದುಗುಡ ಆ ನೀರಿನ ಜೊತೆಗೇ ಹರಿದುಹೋದಂತಿತ್ತು. ಸೆರಗಿನಿಂದ ಅಕ್ಕಾರ ಕೈ ಒರೆಸಿ, ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಹುಟ್ಟನ್ನು ಅಟ್ಟದಿಂದ ಇಳಿಸಿಡು ಎಂದರು.

ಅಕ್ಕಾರು ಎದ್ದು ತಮ್ಮ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಕೈಕಾಲಿಗೆ ಹಾಕಿಕೊಳ್ಳುವ ಸದ್ದಲ್ಲ, ತಲೆಯ ಮೇಲೆ ಕೊಡಗಟ್ಟಲೆ ಸುರಿದುಕೊಳ್ಳುವ ಸದ್ದು. ಬೆಳಗ್ಗೆ ಜಳಕ ಮಾಡಿ ಪೂಜೆ ಮುಗಿಸಿದ್ದ ಹೆಂಗಸು. ಕೈ ತೊಳೆದದ್ದು ಖರೇನೋ, ಈ ಜಳಕ ಖರೇನೋ? ಮೊದಲು ಸಿಟ್ಟು ಬಂತು, ಹಿಂದೆಯೇ ಆ ಸಿಟ್ಟಿಗೆ ನಾಚಿಕೆ ಬಂತು.

ಅತ್ತೆಗೂ ಸದ್ದು ಕೇಳಿಸಿತು. "ಅಕ್ಕಾ ಈ ಹೊತ್ತಿನ್ಯಾಗ ಯಾಕ ಜಳಕಾ ಮಾಡಾಕತ್ತಾಳ?"

"ಖಾರ ಮೈಗೆಲ್ಲ ಹತ್ತಿರಬೇಕ್ರಿ ಅಮ್ಮಾ," ಎಂದೆ.

ಅತ್ತೆ ಹೌದೌದು ಎಂದು ತಲೆಯಾಡಿಸಿ ಒಳಗೆ ಹೋದರು. ಅಟ್ಟದ ಸಾಬೂನಿನಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡನ್ನು ಆರಿಸಿ, ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ, ಒರೆಸಿ ನನ್ನ ಕೈಗಿಟ್ಟರು.

"ಲಗೂ ಹೋಗ, ಆಕೀಗೆ ಕೊಟ್ಟ ಬಾ. ಮೈಗೂ ಹಚ್ಚಿಕೊಳ್ಳಲಿ."

ಸಾಬೂನು ಹಿಡಿದುಕೊಂಡು ಗೋಡೆಯ ಸಂದಿಯವರೆಗೆ ಹೋದೆ. ಹಿಂದೆ ಅತ್ತೆ ನೋಡುತ್ತ ನಿಂತಿದ್ದರು. ಮುಂದೆ, ಗೋಡೆಯಾಚೆ, ನೀರು ಇನ್ನೂ ಬೀಳುತ್ತಿತ್ತು.